ಸೌದೆ ಕೊಟ್ಟಿಗೆಯಲ್ಲಿ ನಿಂತ ಪದ್ಮಿನಿ ಕಾರು: ತಗೊಳ್ಳಬೇಕಾ, ಬಿಡಬೇಕಾ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ದೊಡ್ಡಮ್ಮನ ಮನೆ ಪಕ್ಕ ಒಂದು 1978ರ ಪ್ರೀಮಿಯರ್ ಪದ್ಮಿನಿ ಇದೆ. ಸೌದೆ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ನಿಂತಲ್ಲೇ ನಿಂತಿದೆ. ಕಾರಿನ ಯಜಮಾನರು ತೀರಿಕೊಂಡಿದ್ದಾರೆ. ಮಗ 90,000 ಹೇಳುತ್ತಿದ್ದಾರೆ. ಬಣ್ಣ ಕಂಪನಿಯದೇ, ಯಾರೂ ಕೈ ಹಾಕಿಲ್ಲ ಅಂತಾರೆ. ಇಂಜಿನ್ ಮಾತ್ರ ಜಾಮ್ ಆಗಿದೆ, ತಿರುಗುತ್ತಿಲ್ಲ. ನಾನಿರುವುದು ಬೆಂಗಳೂರಲ್ಲಿ, ಅಪಾರ್ಟ್‌ಮೆಂಟ್, ಒಂದೇ ಪಾರ್ಕಿಂಗ್. ಚಿಕ್ಕವನಿದ್ದಾಗ ಅದೇ ಕಾರಲ್ಲಿ ಶೃಂಗೇರಿಗೆ ಹೋಗಿದ್ದೆ, ಹಾಗಾಗಿ ತಲೆ ನೆಟ್ಟಗೆ ಓಡುತ್ತಿಲ್ಲ. ಹಳೇ ಕಾರು ತಗೊಂಡು ಕೈ ಸುಟ್ಟುಕೊಂಡವರು, ಸುಟ್ಟುಕೊಳ್ಳದವರು, ಇಬ್ಬರೂ ಹೇಳಿ.

ಸಾಗರದಿಂದ

ಇಂಜಿನ್ ಜಾಮ್ ಅನ್ನುವುದನ್ನು ಮೊದಲು ತಲೆಯಿಂದ ತೆಗೆದುಹಾಕಿ ಸರ್. ಈ ಕಾರಿನಲ್ಲಿ ಅತಿ ಅಗ್ಗದ ವಸ್ತು ಇಂಜಿನ್ನೇ.

ನಾನು ಹೊಸನಗರದ ಕಡೆಯಿಂದ 1983ರ ಪದ್ಮಿನಿ ತಂದೆ, 65,000ಕ್ಕೆ. ನೋಡಲು ಹೋದ ದಿನವೇ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ತೋರಿಸಿದರು. ಒಂದೇ ಸಲ ಸೆಲ್ಫ್ ಹೊಡೆದಿದ್ದಕ್ಕೆ ಎದ್ದಿತು. ನಮ್ಮವರೆಲ್ಲ ಚಪ್ಪಾಳೆ ಹೊಡೆದರು. ಅಲ್ಲೇ ತೆಂಗಿನಕಾಯಿ ಒಡೆದು ದುಡ್ಡು ಎಣಿಸಿಕೊಟ್ಟು ಬಂದೆ. ಎರಡು ವಾರ ಬಿಟ್ಟು ಒಳಗಿನ ಮ್ಯಾಟ್ ಒಗೆಯೋಣ ಅಂತ ಎತ್ತಿದೆ. ಅಡಿಯಲ್ಲಿ ಇನ್ನೂ ಒದ್ದೆ. ಸ್ಕ್ರೂಡ್ರೈವರಿನಿಂದ ಸುಮ್ನೆ ಒತ್ತಿದೆ ಅಷ್ಟೆ, ಹಪ್ಪಳಕ್ಕೆ ಚುಚ್ಚಿದ ಹಾಗೆ ಕೆಳಗಿಳಿಯಿತು. ಎಳೆದು ತೆಗೆದರೆ ಆ ತೂತಿನಲ್ಲಿ ನಮ್ಮ ಅಂಗಳದ ಕೆಮ್ಮಣ್ಣು ಕಾಣಿಸುತ್ತಿತ್ತು.

ಟಿಂಕರಿಂಗ್ ಮಾಡುವವರನ್ನು ಕರೆಸಿದೆ. ವಯಸ್ಸಾದವರು. ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ ಇದೆಯಲ್ಲ, ಸಿಲ್ ಅಂತಾರೆ, ಅದನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋದರು. ಟಣ್ ಟಣ್ ಅನ್ನುತ್ತಿದ್ದದ್ದು ಹಿಂಬಾಗಿಲ ಹತ್ತಿರ ದಪ್ ಅಂತು. "ಇಲ್ಲಿಂದ ಆಚೆ ಕಾರಿಲ್ಲ, ಪುಟ್ಟಿ ಇದೆ" ಅಂದರು.

ಈ ಕಾರಿಗೆ ಲಾರಿಗಿದ್ದಂತೆ ಬೇರೆ ಚಾಸಿಸ್, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಇಲ್ಲ. ತಳ, ಸಿಲ್, ಕಂಬ, ಎಲ್ಲ ಸೇರಿಯೇ ಎಲುಬು. ಸಿಲ್ ಹೋದರೆ ಮಧ್ಯದಲ್ಲಿ ಕುಗ್ಗುತ್ತದೆ, ಬಾಗಿಲು ಕೂರುವುದಿಲ್ಲ. ಆಸರೆ ಕೊಡದೆ ಕತ್ತರಿಸಿ ಬೆಸುಗೆ ಹಾಕಿದರೆ ಆಮೇಲೆ ಜನ್ಮದಲ್ಲಿ ನೆಟ್ಟಗಾಗುವುದಿಲ್ಲ. ನನಗೆ ಟಿಂಕರಿಂಗ್, ಪೇಂಟ್ ಸೇರಿ 2,10,000 ಆಯಿತು. ಇಂಜಿನ್ ಪೂರ್ತಿ ಬಿಚ್ಚಿ ಬೋರ್ ಮಾಡಿಸಿ ಕೂರಿಸಲು ಆಗಿದ್ದು 48,000. ಚಪ್ಪಾಳೆ ಹೊಡೆದಿದ್ದು ಯಾವುದಕ್ಕೆ ಅಂತ ನೋಡಿ.

ಹಾಗಾಗಿ ಹೋಗುವಾಗ ಒಂದು ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ, ಟಾರ್ಚ್, ಕೆಳಗೆ ಮಲಗಲು ಗೋಣಿಚೀಲ ಒಯ್ಯಿರಿ. ಅಯಸ್ಕಾಂತ ಅಂಟದ ಕಡೆ ಪುಟ್ಟಿ. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ, ಬ್ಯಾಟರಿ ತಟ್ಟೆ, ಜಾಕ್ ಕೊಡುವ ಜಾಗ, ಮುಂದಿನ ಗಾಜಿನ ರಬ್ಬರ್ ಸುತ್ತ ಬಿಡದೆ ನೋಡಿ. ಸೌದೆ ಕೊಟ್ಟಿಗೆ ಅಂದಿರಿ, ನೆಲ ಮಣ್ಣಿನದಾ? ತೀರ್ಥಹಳ್ಳಿ ಮಳೆಗೆ ಮೇಲಿನಿಂದ ಹೆಂಚು ಕಾಪಾಡುತ್ತದೆ, ಕೆಳಗಿನಿಂದ ಯಾರು ಕಾಪಾಡಬೇಕು? ಪಕ್ಕದಲ್ಲೇ ದನ ಕಟ್ಟುತ್ತಿದ್ದರೆ ಇನ್ನೂ ಕಷ್ಟ. ಗಂಜಲ ತಾಗಿದ ತಗಡು ಬಾಳುವುದಿಲ್ಲ.

ಮೈಸೂರಿನಿಂದ

ಅಪ್ಪನ ಗ್ಯಾರೇಜಿನಲ್ಲಿ ಬೆಳೆದವನು ನಾನು. ಸಾಗರದವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ದಯವಿಟ್ಟು ಯಾರೂ ಹುರುಪಿನಲ್ಲಿ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಎರಡು ಮೂರು ಚಮಚ ಇಂಜಿನ್ ಆಯಿಲ್ ಹಾಕಿ ಬಿಡಿ. ಒಂದು ದಿನ ಅಲ್ಲ, ಒಂದು ವಾರ. ಅಪ್ಪ ಆಯಿಲ್ ಜೊತೆ ಸ್ವಲ್ಪ ಡೀಸೆಲ್ ಬೆರೆಸುತ್ತಿದ್ದರು. ಆಮೇಲೆ ಪ್ಲಗ್ ಹಾಕದೆಯೇ ನಾಲ್ಕನೇ ಗೇರಿಗೆ ಹಾಕಿ, ಕಾರನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಹಳ ಸಲ ಸಡಿಲವಾಗುತ್ತದೆ. ಮೊದಲು ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹನ್ನೊಂದು ವರ್ಷಕ್ಕೆ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಇಂಜಿನ್ ಜಾಮ್ ಅಂದುಕೊಂಡವರು ಎಷ್ಟೋ ಜನ ಬ್ರೇಕ್ ಜೊತೆ ಗುದ್ದಾಡುತ್ತಿರುತ್ತಾರೆ.

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ವಾರ್ನಿಷ್ ವಾಸನೆ ಬಂದರೆ ಆ ಪೆಟ್ರೋಲ್ ಒಂದು ಹನಿಯೂ ಇಂಜಿನ್ನಿಗೆ ಹೋಗಬಾರದು. ಹೊಸ ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಎಥೆನಾಲ್. ಆ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ಮಾಡಿದ್ದಲ್ಲ. ಎಲ್ಲ ಬದಲಾಯಿಸಲೇಬೇಕು, ಇಲ್ಲದಿದ್ದರೆ ಪೆಟ್ರೋಲ್ ಸೋರಿ, ಇಂಜಿನ್ನಿನ ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಮುಂದಿನದು ನಾನು ಹೇಳಬೇಕಾಗಿಲ್ಲ.

ಶಿವಮೊಗ್ಗದಿಂದ

ಎಲ್ಲರೂ ತಗಡು, ಇಂಜಿನ್ ಅಂತಿದ್ದೀರಿ. ಕಾಗದ ಯಾರು ನೋಡುತ್ತಾರೆ? ಹದಿನೇಳು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ, ಆರ್‌ಟಿಒ ಮೆಟ್ಟಿಲು ಸವೆಸಿದವನು ನಾನು. ಪ್ರಶ್ನೆಯಲ್ಲೇ ಎರಡು ಗಂಟುಗಳಿವೆ.

ಒಂದು, ಯಜಮಾನರು ಇಲ್ಲ. ಆರ್‌ಸಿ ಅವರ ಹೆಸರಲ್ಲಿದ್ದರೆ ಮಗ ನಿಮಗೆ ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಆಗಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ ಇದ್ದರೆ ಅವರ ಒಪ್ಪಿಗೆಯೂ ಬೇಕು. ಆಮೇಲೆ ಫಾರಂ 29, 30 ಹಾಕಿ ನಿಮ್ಮ ಹೆಸರಿಗೆ. "ಸಹಿ ಹಾಕಿದ ಫಾರಂ ಇದೆ, ಅಪ್ಪನೇ ಹಾಕಿಟ್ಟಿದ್ದರು" ಅಂತ ಯಾರಾದರೂ ಅಂದರೆ ಕೈ ಮುಗಿದು ವಾಪಸ್ ಬನ್ನಿ.

ಎರಡು, ಆರ್‌ಸಿ ಅವಧಿ ಮುಗಿದಿರುತ್ತದೆ. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. ಹಸಿರು ತೆರಿಗೆ ಬೇರೆ. ಸರಿ, ಕಟ್ಟೋಣ ಅಂತೀರಿ. ಆದರೆ ಕಾರು ಓಡಿಸಿಕೊಂಡು ಹೋಗಿ ಇನ್‌ಸ್ಪೆಕ್ಟರಿಗೆ ತೋರಿಸಬೇಕಲ್ಲ. ಅಂದರೆ ಎರಡು ಮೂರು ಲಕ್ಷ ಸುರಿದು ಓಡುವ ಹಾಗೆ ಮಾಡಿದ ಮೇಲೆಯೇ ಆರ್‌ಸಿ ಸಿಗುತ್ತದೋ ಇಲ್ಲವೋ ಗೊತ್ತಾಗುವುದು. ಅದಕ್ಕೇ ದಾಖಲೆ ಮೊದಲು, ರಿಪೇರಿ ಆಮೇಲೆ.

1978ರ ಗಾಡಿ ಅಂದರೆ ಕೆಎ ಸರಣಿ ಬರುವುದಕ್ಕೂ ಮುಂಚಿನ ನಂಬರು. ಸರ್ಕಾರದ ಎಂ-ಪರಿವಹನ್ ಆ್ಯಪಿನಲ್ಲಿ ಹಾಕಿ ನೋಡಿ. ಬಂದರೆ ನಿಮ್ಮ ಪುಣ್ಯ. ಬರದಿದ್ದರೆ ಮೂಲ ನೋಂದಣಿ ಆದ ಕಚೇರಿಯ ಹಳೇ ರಿಜಿಸ್ಟರ್ ತೆಗೆಸಿ ಕಂಪ್ಯೂಟರಿಗೆ ಏರಿಸಬೇಕು, ಬ್ಯಾಕ್‌ಲಾಗ್ ಅಂತಾರೆ. ಒಬ್ಬರ ಫಿಯೆಟ್ಟಿಗೆ ನಾನು ಇದಕ್ಕೇ ಹದಿನಾಲ್ಕು ಸಲ ಓಡಾಡಿದ್ದೇನೆ. ರಿಜಿಸ್ಟರ್ ಇತ್ತು, ಬೇಕಾದ ಪುಟವನ್ನು ಗೆದ್ದಲು ತಿಂದಿತ್ತು!

ಇನ್ನೊಂದು ಕೆಲಸ. ಚಾಸಿಸ್ ನಂಬರ್ ಅಂದರೆ ಬಾಡಿ ಮೇಲೆ ಒತ್ತಿರುವ ಗಾಡಿಯ ಗುರುತಿನ ನಂಬರ್, ಅದರ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಸಿ ಪುಸ್ತಕದ ಜೊತೆ ಅಂಕಿ ಅಂಕಿ ತಾಳೆ ನೋಡಿ. ಇಂಜಿನ್ ನಂಬರೂ ಅಷ್ಟೇ. ಆಗ ಡೀಸೆಲ್ ಇಂಜಿನ್ ಕೂರಿಸುವ ಚಾಳಿ ಬಹಳ ಇತ್ತು. ಆರ್‌ಸಿಯಲ್ಲಿ ಬರೆಸದೆ ಕೂರಿಸಿದ್ದರೆ ಅದು ನಿಮ್ಮ ತಲೆಗೆ ಬರುತ್ತದೆ.

ವಿಂಟೇಜ್ ನೋಂದಣಿ ಮಾಡಿಸಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ, ಈಗಲೇ ಹೇಳಿಬಿಡುತ್ತೇನೆ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಬೇಕು. ನಿಮ್ಮದಕ್ಕೆ 2028. ಮಾಡಿಸಿದರೂ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಂತ ಮಾತ್ರ ರಸ್ತೆಗೆ ತರಬಹುದು. ಹೆಂಡತಿ ಮಕ್ಕಳ ಜೊತೆ ಶೃಂಗೇರಿಗೆ ಹೋಗಲು ಅಲ್ಲ.

ಮಂಗಳೂರಿನಿಂದ

ನಾನು ಬೇಡ ಅನ್ನುವವಳು. ನಮ್ಮ ಮಾವನವರದ್ದು 1970ರ ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. ಮುಂದಿನ ಬಾನೆಟ್ ಇಡಿಯಾಗಿ ಮುಂದಕ್ಕೆ ಬಗ್ಗುತ್ತದೆ, ಮಕ್ಕಳಿಗೆ ಅದೇ ಒಂದು ಜಾತ್ರೆ. ಅದಕ್ಕೆ ಪ್ರತ್ಯೇಕ ಚಾಸಿಸ್ ಇದೆ, ಬಾಡಿ ಎತ್ತಿ ಸುಲಭವಾಗಿ ಸರಿ ಮಾಡಬಹುದು ಅಂತ ನನ್ನವರು ಹೊರಟರು. ವರ್ಕ್‌ಶಾಪಿನವರು ಆರು ತಿಂಗಳು ಅಂದರು. ಹತ್ತೊಂಬತ್ತು ತಿಂಗಳಾಯಿತು. ಹೋದಾಗೆಲ್ಲ ಕಾರು ಅದೇ ಮೂಲೆಯಲ್ಲಿ, ಮೇಲೆ ಬೇರೆಯವರ ಬಂಪರ್ ಒಣಗಿಸಲು ಇಟ್ಟಿರುತ್ತಿದ್ದರು. ಬಿಚ್ಚಿದ ಬೋಲ್ಟುಗಳೆಲ್ಲ ಒಂದೇ ಪೇಂಟ್ ಡಬ್ಬಿಯಲ್ಲಿ. ಅರ್ಧ ನಮ್ಮದಲ್ಲ.

ಪಾರ್ಟ್ಸ್ ಇಂಗ್ಲೆಂಡಿನಲ್ಲಿ ಸಿಗುತ್ತವೆ, ಅಲ್ಲಿನ ಟ್ರಯಂಫ್ ಹೆರಾಲ್ಡಿನದು ಹೊಂದುತ್ತದೆ. ತರಿಸಿದೆವು, ಕಸ್ಟಮ್ಸ್ ಕಟ್ಟಿದೆವು. ಆದರೆ ಅಲ್ಲಿನದಕ್ಕೆ ಎರಡೇ ಬಾಗಿಲು. ನಾಲ್ಕು ಬಾಗಿಲಿನದು ಮಾಡಿದ್ದು ನಮ್ಮ ದೇಶದವರು ಮಾತ್ರ. ಹಿಂಬಾಗಿಲ ಅಂಚಿನ ಬೀಡಿಂಗ್ ಪಟ್ಟಿ ಬೇಕು ಅಂದರೆ ಭೂಮಿ ಮೇಲೆ ಎಲ್ಲೂ ಇಲ್ಲ. ಕೊನೆಗೆ ನಾಲ್ಕು ವರ್ಷ ಇಟ್ಟುಕೊಂಡು ಮಾರಿದೆವು. ಖರ್ಚಿನ ಅರ್ಧವೂ ಬರಲಿಲ್ಲ.

ತಗೊಳ್ಳುವುದಾದರೆ ಒಂದು ಮಾತು ಕೇಳಿ ಅಣ್ಣ. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೋ ತೆಗೆಯಿರಿ. ಪ್ರತಿ ಸ್ಕ್ರೂಗೂ ಚೀಟಿ ಬರೆದ ಕವರ್. ಕೆಲಸ ಮುಗಿದಷ್ಟಕ್ಕೆ ದುಡ್ಡು, ಮುಂಗಡ ಕೊಡಬೇಡಿ.

ಮುಂಬೈನಿಂದ

ಮಂಗಳೂರು ಅಕ್ಕ ಹೇಳಿದ ಕಷ್ಟ ಪದ್ಮಿನಿಗೆ ಅಷ್ಟಿಲ್ಲ. ನಮ್ಮ ಅಪ್ಪ ಕುಂದಾಪುರದಿಂದ ಬಂದು ಇಲ್ಲಿ ಇಪ್ಪತ್ತೆರಡು ವರ್ಷ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. ಕಾರು ತಯಾರಾಗುತ್ತಿದ್ದದ್ದೇ ಇಲ್ಲಿನ ಕುರ್ಲಾದಲ್ಲಿ. ಕೊನೆಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ ನೋಂದಣಿ ಆಗಿದ್ದು 2003ರಲ್ಲಿ, 20 ವರ್ಷದ ಮಿತಿ ಮುಗಿದು ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರ್‌ನಲ್ಲಿ. ಒಂದು ಕಾಲಕ್ಕೆ ಇಲ್ಲಿ ಸಾವಿರಾರು ಗಾಡಿ ಓಡುತ್ತಿದ್ದವು ಅಂದರೆ ಪಿಸ್ಟನ್, ಬೇರಿಂಗ್, ಕ್ಲಚ್ ಪ್ಲೇಟ್, ವೀಲ್ ಸಿಲಿಂಡರ್ ಇನ್ನೂ ಗೂಡಂಗಡಿಗಳ ಅಟ್ಟದ ಮೇಲೆ ಇವೆ. ನಿಮ್ಮ ಬೆಂಗಳೂರಲ್ಲಿ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ.

ಸಿಗದೇ ಇರುವುದು ಟ್ಯಾಕ್ಸಿಯವನಿಗೆ ಬೇಡವಾಗಿದ್ದ ವಸ್ತು. ಸ್ಟಿಯರಿಂಗ್ ಮೇಲಿನ ಹಾರ್ನ್ ರಿಂಗ್, ಮುಂಬಾಗಿಲಿನ ತ್ರಿಕೋನ ಗಾಜಿನ ಚಿಲಕ, ಹಿಂದಿನ ಲೈಟಿನ ಒಡೆಯದೆ ಉಳಿದ ಗಾಜು, ಕಾರಿನ ಹೆಸರಿನ ಅಕ್ಷರ, ಚಕ್ರದ ವೀಲ್ ಕಪ್. ಕೊಟ್ಟಿಗೆ ಕಾರಲ್ಲಿ ಇವೆಲ್ಲ ಇದ್ದರೆ ಇಂಜಿನ್ ಇಲ್ಲದಿದ್ದರೂ ತಗೊಳ್ಳಿ ಅಂತೀನಿ. ಅಪ್ಪ ಓದಿ ಸೇರಿಸಲು ಹೇಳಿದ್ದು: ಸ್ಟಿಯರಿಂಗ್ ಪಕ್ಕದ ಗೇರು ಗಡಗಡ ಅಲ್ಲಾಡಿದರೆ ಹೆದರಬೇಡಿ, ಬುಷ್ ಹಾಕಿದರೆ ಸರಿಹೋಗುತ್ತದೆ.

ಧಾರವಾಡದಿಂದ

ಒಂದೇ ಮಾತು. ಬಣ್ಣ ಕಂಪನಿಯದೇ ಆಗಿದ್ದರೆ ಹೊಸ ಬಣ್ಣ ಹೊಡೆಸಬೇಡಿ. ನನ್ನ ಪದ್ಮಿನಿ ಹಾಗೇ ಇದೆ. ಬಾನೆಟ್ ಮೇಲೆ ಬಣ್ಣ ಸವೆದು ಪ್ರೈಮರ್ ಕಾಣುತ್ತದೆ. ಬ್ರೇಕ್, ಟೈರ್, ವೈರಿಂಗ್, ಪೆಟ್ರೋಲ್ ಲೈನ್ ಮಾತ್ರ ಹೊಸದು. ತಳಕ್ಕೆ ಎರಡು ತಗಡು ಬೆಸುಗೆ. ಒಟ್ಟು 85,000ದಲ್ಲಿ ಮುಗಿಯಿತು. ಮಿರಮಿರ ಹೊಳೆಯುವ ಕಾರು ಯಾರು ಬೇಕಾದರೂ ಮಾಡಿಸಬಹುದು. ನಲವತ್ತು ವರ್ಷದ ಬಿಸಿಲು ತಿಂದ ಬಣ್ಣವನ್ನು ಯಾವ ಪೇಂಟರ್ ಹೊಡೆಯುತ್ತಾನೆ? ಟೈರ್ ನೋಡಲು ಚೆನ್ನಾಗಿದ್ದರೂ ನಂಬಬೇಡಿ, ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದಿ. 2311 ಅಂದರೆ 2011ರ 23ನೇ ವಾರ.

ತುಮಕೂರಿನಿಂದ

ಒಂದೇ ಪಾರ್ಕಿಂಗ್ ಅಂದಿರಿ. ಈಗಿರುವ ಕಾರು ಎಲ್ಲಿ ನಿಲ್ಲುತ್ತದೆ? ಮನೆಯವರನ್ನು ಕೇಳಿದ್ದೀರಾ? 🙂

ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೋಗಿ ಬಂದೆ. ಫ್ರಿಜ್ಜಿಗೆ ಅಂಟಿಸಿದ್ದ ಗಣಪತಿ ಅಯಸ್ಕಾಂತವನ್ನೇ ಒಯ್ದಿದ್ದೆ. ನಾನು ಕಾರಿನ ಸುತ್ತ ಗಣಪತಿ ಹಿಡಿದು ಓಡಾಡುವುದನ್ನು ನೋಡಿ ದೊಡ್ಡಮ್ಮ, "ಪ್ರದಕ್ಷಿಣೆ ಹಾಕುತ್ತಿದ್ದೀಯಾ ಮಾರಾಯ?" ಅಂದರು. ಎಲ್ಲ ಕಡೆ ಅಂಟಿತು. ಪುಟ್ಟಿ ಇಲ್ಲ. ಸಿಲ್ ಎರಡೂ ಕಡೆ ಟಣ್ ಅಂತು. ಡ್ರೈವರ್ ಕಾಲಡಿ ಮಾತ್ರ ಸ್ಕ್ರೂಡ್ರೈವರ್ ಇಳಿಯಿತು, ಸುಮಾರು ಒಂದು ಅಂಗೈ ಅಗಲ. ಸ್ಟೆಪ್ನಿ ಜಾಗದಲ್ಲಿ ಇನ್ನೊಂದು ತೂತು. ನೆಲ ಮಣ್ಣಿನದೇ, ಆದರೆ ಯಜಮಾನರು ಕೊನೆಗೆ ನಿಲ್ಲಿಸುವಾಗ ಚಕ್ರದ ಕೆಳಗೆ ಹಲಗೆ ಇಟ್ಟಿದ್ದರಂತೆ. ಗ್ಲೋವ್ ಬಾಕ್ಸ್ ತೆಗೆದರೆ ಇಲಿ ಗೂಡು, ಅಡಿಕೆ ಮಂಡಿ ಚೀಟಿಗಳನ್ನೆಲ್ಲ ಹತ್ತಿಯ ಹಾಗೆ ಮಾಡಿತ್ತು. ವೈರಿಂಗ್ ಪೂರ್ತಿ ಹೋಗಿದೆ. ಹಾರ್ನ್ ರಿಂಗ್ ಇದೆ. ತ್ರಿಕೋನ ಗಾಜಿನ ಚಿಲಕ ಒಂದಿದೆ, ಒಂದಿಲ್ಲ.

ಚಾಸಿಸ್ ನಂಬರ್ ಅಚ್ಚು ಸಿಕ್ಕಿತು, ಆರ್‌ಸಿ ಪುಸ್ತಕಕ್ಕೆ ತಾಳೆಯಾಯಿತು. ಆ್ಯಪಿನಲ್ಲಿ ನಂಬರ್ ಬರುತ್ತಿಲ್ಲ. ಮಗನಿಗೆ ಫಾರಂ 31 ವಿಷಯ ಹೇಳಿದೆ. ಅವರಿಗೆ ಅಕ್ಕ ಒಬ್ಬರಿದ್ದಾರೆ, ಹುಬ್ಬಳ್ಳಿಯಲ್ಲಿ. ಬ್ಯಾಕ್‌ಲಾಗ್ ಆಗಿ, ಕಾರು ಮಗನ ಹೆಸರಿಗೆ ಬಂದ ದಿನ 60,000, ಅಲ್ಲಿಯವರೆಗೆ ಒಂದು ರೂಪಾಯಿಯೂ ಇಲ್ಲ ಅಂದೆ. ಅವರಿಗೆ ಬೇಜಾರಾಗಲಿಲ್ಲ. "ಅಕ್ಕ ದೀಪಾವಳಿಗೆ ಬರುತ್ತಾಳೆ, ಕೂತು ಮಾತಾಡೋಣ" ಅಂದರು.

ತುಮಕೂರಿನವರಿಗೆ: ಮನೆಯಲ್ಲಿ ಕೇಳಿದೆ. ಉತ್ತರ ಇಲ್ಲಿ ಬರೆಯುವ ಹಾಗಿಲ್ಲ. ದೊಡ್ಡಮ್ಮನ ಅಂಗಳದಲ್ಲಿ ಒಂದು ಶೀಟ್ ಹಾಕಿಸಿಕೊಳ್ಳುವ ಮಾತು ನಡೆದಿದೆ.

ಮಗನ ಒಪ್ಪಿಗೆ ಕೇಳಿಯೇ ನಾಲ್ಕೂ ಪ್ಲಗ್ ಬಿಚ್ಚಿ ಆಯಿಲ್ ಹಾಕಿ ಬಂದಿದ್ದೇನೆ. ಮೈಸೂರಿನವರು ಒಂದು ವಾರ ಅಂದಿದ್ದರು, ಇದು ದೀಪಾವಳಿವರೆಗೆ ನೆನೆಯುತ್ತದೆ.