ಸಹಾಯ ಬೇಕು: ಕಲಬುರಗಿ ಬಿಸಿಲಿಗೆ ಎಷ್ಟು ಡಿಗ್ರಿಯ ಪಿಸಿಎಂ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಳಪಾಯ ಮುಗಿದಿದೆ, ಗೋಡೆ ಇನ್ನೂ ಎದ್ದಿಲ್ಲ. ಪಶ್ಚಿಮದ ಗೋಡೆಗೆ ಫೇಸ್ ಚೇಂಜ್ ಮೆಟೀರಿಯಲ್, ಅಂದರೆ ಪಿಸಿಎಂ, ಹಾಕಿಸುವ ಆಸೆ. ಹಗಲು ಅದು ಶಾಖ ಹೀರಿ ಕರಗುತ್ತದೆ, ರಾತ್ರಿ ಶಾಖ ಬಿಟ್ಟು ಮತ್ತೆ ಗಟ್ಟಿಯಾಗುತ್ತದೆ. ಇದಕ್ಕೆ ಬಳಸುವ ಪ್ಯಾರಾಫಿನ್ ಮೇಣ ಒಂದು ಕೆಜಿ ಕರಗುವಾಗ ಸುಮಾರು 200 ಕಿಲೋಜೌಲ್ ಶಾಖ ನುಂಗುತ್ತದೆ.

ನನ್ನ ತಲೆನೋವು ರಾತ್ರಿಯದ್ದು. ಮೇ ತಿಂಗಳಲ್ಲಿ ಇಲ್ಲಿ ಹಗಲು 40 ಡಿಗ್ರಿ ದಾಟುವುದು ಮಾಮೂಲಿ. ರಾತ್ರಿಯೂ ಎಷ್ಟೋ ಸಲ 26-27ರ ಹತ್ತಿರವೇ ನಿಲ್ಲುತ್ತದೆ. 23 ಡಿಗ್ರಿಗೆ ಕರಗುವ ಮೇಣ ತಂದರೆ ಅದು ಗಟ್ಟಿಯೇ ಆಗುವುದಿಲ್ಲ, ಅಲ್ವಾ? ಆಗ ಮರುದಿನ ಅದು ಸುಮ್ನೆ ಗೋಡೆಯೊಳಗೆ ಕೂತಿರುತ್ತದೆ, ಅಷ್ಟೇ. ಹಾಗಾಗಿ 29ರ ಆಸುಪಾಸಿನಲ್ಲಿ ಕರಗುವ ಕ್ಯಾಲ್ಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಎಂಬ ನೀರಿನಂಶವಿರುವ ಉಪ್ಪಿನ ಕಡೆ ಮನಸ್ಸು ವಾಲಿದೆ. ಮೇಣದ ಹಾಗೆ ಬೆಂಕಿ ಹತ್ತುವ ಭಯವಿಲ್ಲ. ಆದರೆ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಕರಗಿ ಗಟ್ಟಿಯಾಗುತ್ತಾ ಉಪ್ಪು ತಳಕ್ಕೆ ಕೂರುವ ತೊಂದರೆಯೂ ಇದೆ.

ರಾಯಚೂರು, ಬಳ್ಳಾರಿ ಕಡೆ ಯಾರಾದರೂ ಬಳಸಿದ್ದೀರಾ? ಎಷ್ಟು ಡಿಗ್ರಿಯದ್ದು? ಗೋಡೆಯ ಒಳಮೈಗೆ ಹಾಕಬೇಕಾ, ಎರಡು ಪದರ ಇಟ್ಟಿಗೆಯ ನಡುವೆಯಾ? ಪಿಸಿಎಂ ತುಂಬಿದ ಪ್ಯಾಕೆಟ್ ಇರುವ ಕಡೆ ಮೊಳೆ ಹೊಡೆಯುವಂತಿಲ್ಲ ಅನ್ನುವುದನ್ನು ಮನೆಯವರಿಗೆ ಹೇಗೆ ಒಪ್ಪಿಸಿದಿರಿ?

ಮೇಸ್ತ್ರಿ ಮಾತ್ರ "ಮೊದಲು ತಾರಸಿಗೆ ಸುಣ್ಣ ಬಳಿಸಿ ಸರ್" ಅನ್ನುತ್ತಿದ್ದಾರೆ. ಅದನ್ನಂತೂ ಮಾಡಿಸುತ್ತೇನೆ. ಗೋಡೆಯ ಅನುಭವ ಇದ್ದವರು, ಚದರ ಅಡಿಗೆ ಬಿದ್ದ ಖರ್ಚಿನ ಸಮೇತ ತಿಳಿಸಿ.