ಯುರೇನಸ್ ಯಾರ ದೇವರು?

ಬೆಳ್ಳಿಚುಕ್ಕಿ: ಮಗಳ ಶಾಲೆಯ ಚಾರ್ಟ್‌ನಲ್ಲಿ 'ಗ್ರಹಗಳ ಇಂಗ್ಲಿಷ್ ಹೆಸರೆಲ್ಲ ರೋಮನ್ ದೇವರದ್ದು' ಅಂತ ಇದೆ. ತಪ್ಪು ಅಲ್ವಾ? ಯುರೇನಸ್ ಗ್ರೀಕರ ಆಕಾಶದೇವ. ರೋಮನ್ನರು ಅವನನ್ನು ಕೇಲಸ್ ಅನ್ನುತ್ತಿದ್ದರು.

ಹಳೇಮೇಷ್ಟ್ರು: ತಪ್ಪೇನಿಲ್ಲ. ಗ್ರೀಕಿನಲ್ಲಿ ಊರಾನೋಸ್. ಯುರೇನಸ್ ಅನ್ನೋದು ಲ್ಯಾಟಿನ್ ರೂಪ. ಲ್ಯಾಟಿನ್ ಅಂದ್ರೆ ರೋಮ್.

ಬೆಳ್ಳಿಚುಕ್ಕಿ: ಕೃಷ್ಣನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಅವನು ಇಂಗ್ಲಿಷ್ ದೇವರಾಗುತ್ತಾನಾ ಸರ್?

ತಗಾದೆ ತಮ್ಮಯ್ಯ: ದೇವರನ್ನು ಬಿಡಿ. 1781ರಲ್ಲಿ ಆ ಗ್ರಹ ಕಂಡುಹಿಡಿದದ್ದು ಹರ್ಷೆಲ್. ಅವನು ಇಟ್ಟದ್ದು ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಹೆಸರು. ಕಂಡವನ ಮಾತು ಬಿಟ್ಟು ಬೋಡೆ ಅನ್ನೋ ಜರ್ಮನ್ ಖಗೋಳಜ್ಞ ಹೇಳಿದ 'ಯುರೇನಸ್' ಹೆಸರನ್ನು ಯಾಕೆ ಒಪ್ಪಬೇಕಿತ್ತು?

ದೂರದರ್ಶಕ: ಹರ್ಷೆಲ್ ಹುಟ್ಟಿದ್ದೂ ಜರ್ಮನಿಯ ಹ್ಯಾನೋವರ್‌ನಲ್ಲೇ ಮಾರಾಯ್ರೇ 😄 ದೊರೆ ವರ್ಷಕ್ಕೆ 200 ಪೌಂಡ್ ಸಂಬಳ ಕೊಡುತ್ತಿದ್ದ. ಉಪ್ಪಿನ ಋಣ.

ತಗಾದೆ ತಮ್ಮಯ್ಯ: ಸಂಬಳ ತಗೊಳ್ಳೋದು ತಪ್ಪಾ? ನೀವು ಪುಕ್ಕಟೆ ದುಡೀತೀರಾ? ಬ್ರಿಟಿಷ್ ನಾವಿಕರ ಪಂಚಾಂಗದಲ್ಲಿ 1850ರವರೆಗೂ 'ಜಾರ್ಜಿಯನ್' ಅಂತಲೇ ಇತ್ತು. ಗೊತ್ತಿರಲಿ.

ದೂರದರ್ಶಕ: ಬ್ರಿಟಿಷ್ ಪಂಚಾಂಗ. ಅದೇ ನಾನು ಹೇಳಿದ್ದು. ಕ್ಲಾಪ್ರೋತ್ ಅನ್ನೋ ರಸಾಯನ ವಿಜ್ಞಾನಿ 1789ರಲ್ಲೇ ಹೊಸ ಧಾತುವಿಗೆ ಯುರೇನಸ್ ಹೆಸರಿನ ಮೇಲೆ ಯುರೇನಿಯಂ ಅಂತ ಹೆಸರಿಟ್ಟಿದ್ದ.

ತಗಾದೆ ತಮ್ಮಯ್ಯ: ಅವನೂ ಜರ್ಮನ್ನೇ!! ಎಲ್ಲರೂ ಸೇರಿ ಹರ್ಷೆಲ್‌ಗೆ ಮೋಸ ಮಾಡಿದರು.

ಹಳೇಮೇಷ್ಟ್ರು: ಬೋಡೆ ಹೇಳಿದ್ದರಲ್ಲಿ ಲೆಕ್ಕ ಇತ್ತು. ಮಂಗಳನ ಅಪ್ಪ ಗುರು, ಗುರುವಿನ ಅಪ್ಪ ಶನಿ, ಶನಿಯ ಅಪ್ಪ ಯುರೇನಸ್. ಸೂರ್ಯನಿಂದ ದೂರ ಹೋದಷ್ಟೂ ಒಂದೊಂದು ತಲೆಮಾರು ಹಿಂದೆ.

ಶನಿಮಹಾತ್ಮೆ: ಏನ್ರೀ ಇದು! ಶನಿ ಸೂರ್ಯನ ಮಗ. ಗುರುವಿನ ತಂದೆ ಅಂಗಿರಸ. ಮೇಷ್ಟ್ರಾಗಿ ಹೀಗೆ ಬರೀತೀರಾ?

ಹಳೇಮೇಷ್ಟ್ರು: ಸ್ವಾಮೀ, ಮಾರ್ಸ್, ಜುಪಿಟರ್, ಸ್ಯಾಟರ್ನ್ ಅಂತ ಓದಿಕೊಳ್ಳಿ.

ಶನಿಮಹಾತ್ಮೆ: ಹಾಗಿದ್ರೆ ಹಾಗೇ ಬರೀಬೇಕಿತ್ತು. ನಮ್ಮ ಶನಿಯನ್ನು ಯಾಕೆ ಎಳೆದಿರಿ?

ತಗಾದೆ ತಮ್ಮಯ್ಯ: 200 ಪೌಂಡ್ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ದೂರದರ್ಶಕ: ಕೇಳಿದ್ದು ನೀವು, ಹೇಳಿದ್ದು ನಾನು. ಉತ್ತರ ಯಾರು ಕೊಡಬೇಕು?

ಸುಮ್ನೆ ನೋಡ್ತಿದ್ದೆ: ಒಂದು ಸಣ್ಣ ಪ್ರಶ್ನೆ. ನಾವು ನಿಂತಿರೋದೂ ಗ್ರಹವೇ. 'ಅರ್ತ್' ಯಾವ ರೋಮನ್ ದೇವರು? ಅದು ಮಣ್ಣು, ನೆಲ ಅನ್ನೋ ಹಳೇ ಇಂಗ್ಲಿಷ್ ಪದ.

ಬೆಳ್ಳಿಚುಕ್ಕಿ: ಅಬ್ಬಾ! ಹಾಗಾದ್ರೆ ಚಾರ್ಟ್ ತಪ್ಪೇ.

ಹಳೇಮೇಷ್ಟ್ರು: ಭೂಮಿ ಲೆಕ್ಕಕ್ಕಿಲ್ಲ. ಯುರೇನಸ್ ಲ್ಯಾಟಿನ್ನೇ.