ಯುಕೆ - ಯೂರೋಪ್ ಒಪ್ಪಂದ ಝೀರೋ ಟ್ಯಾರಿಫ್ ಅಂತಾರೆ, ಮತ್ತೆ ನನ್ನ ಪಾರ್ಸೆಲ್‌ಗೆ ಡ್ಯೂಟಿ ಯಾಕೆ?

ಖಣದಂಗಡಿ:
ಎಲ್ಲರಿಗೂ ನಮಸ್ಕಾರ. ನಾನು ಲೆಸ್ಟರ್‌ನಲ್ಲಿರೋದು, ಮನೆಯಿಂದಾನೇ ಬಟ್ಟೆ ಮಾರ್ತೀನಿ. ಗುಳೇದಗುಡ್ಡದ ಖಣ ತಗೊಂಡು ಹುಬ್ಬಳ್ಳೀಲಿ ಕುರ್ತಾ, ಜಾಕೆಟ್ ಹೊಲಿಸಿ ಇಲ್ಲಿಗೆ ತರಿಸ್ಕೋತೀನಿ. 2018ರಲ್ಲಿ ಶುರು ಮಾಡಿದಾಗ ಡಬ್ಲಿನ್, ಮ್ಯೂನಿಕ್ ಎಲ್ಲಿಗಾದ್ರೂ ಅಂಚೆಗೆ ಹಾಕಿದ್ರೆ ಮುಗೀತು, ಲಂಡನ್ನಿಗೆ ಕಳಿಸಿದಂಗೇ ಇತ್ತು. ಈ ಸಲ ದಸರಾಗೆ ಅಂತ ಡಬ್ಲಿನ್ನಲ್ಲಿ ಒಬ್ರು 200 ಯೂರೋದ್ದು ಆರ್ಡರ್ ಮಾಡಿದ್ರು, ಕೊರಿಯರ್‌ನವನು ಬಾಗಿಲಲ್ಲಿ ನಿಂತು ಇನ್ನೂ ಎಂಬತ್ತು ಚಿಲ್ಲರೆ ಯೂರೋ ಕೊಡಿ ಅಂದ್ನಂತೆ, ಪಾಪ ಅವ್ರು ಬೇಡ ಅಂದ್ಬಿಟ್ರು. ಮೂರು ವಾರ ಆದ್ಮೇಲೆ ಡಬ್ಬದ ಮೂಲೆ ನಜ್ಜುಗುಜ್ಜಾಗಿ ವಾಪಸ್ ಬಂತು, ಅದಕ್ಕೂ ನನ್ ಹತ್ರ ವ್ಯಾಟ್ (ನಮ್ಮ ಜಿಎಸ್‌ಟಿ ಥರದ ತೆರಿಗೆ) ಕಟ್ಟಿಸ್ಕೊಂಡ್ರು! ನಾನೇನಾದ್ರೂ ಫಾರಂ ತಪ್ಪು ತುಂಬಿದ್ನಾ? ಗೊತ್ತಿರೋರು ದಯವಿಟ್ಟು ಹೇಳಿ.

ಜಮಾಖರ್ಚು:
ಫಾರಂ ತಪ್ಪಲ್ಲ ಮೇಡಂ, ನಾನು ಇಲ್ಲೇ ಅಕೌಂಟ್ಸ್ ಕೆಲಸ ಮಾಡೋದು, ಸಣ್ಣ ವ್ಯಾಪಾರದವರು ಹೆಚ್ಚು ಜನ ಎಡವೋದೇ ಇಲ್ಲಿ. ಯುಕೆ ಯೂರೋಪ್ ಒಕ್ಕೂಟ ಬಿಟ್ಟ ಮೇಲೆ 2020 ಡಿಸೆಂಬರ್ 30ಕ್ಕೆ ಸಹಿಯಾದ ಒಪ್ಪಂದದಲ್ಲಿ ಝೀರೋ ಟ್ಯಾರಿಫ್, ಅಂದ್ರೆ ಆಮದು ಸುಂಕ (ಡ್ಯೂಟಿ) ಮಾಫಿ, ಇರೋದು ಯುಕೆಯಲ್ಲೋ ಯೂರೋಪ್ ಒಕ್ಕೂಟದಲ್ಲೋ ತಯಾರಾದ ಮಾಲಿಗೆ ಮಾತ್ರ. ನಿಮ್ಮ ಕುರ್ತಾ ಹುಟ್ಟಿದ್ದು ಹುಬ್ಬಳ್ಳೀಲಿ, ಲೆಸ್ಟರ್‌ನಲ್ಲಿ ಬರೀ ಡಬ್ಬ ಬದಲಾಯಿಸಿದ್ರೆ ಅದು ಬ್ರಿಟಿಷ್ ಮಾಲು ಆಗಲ್ಲ. ಹಂಗಾಗಿ ಇಲ್ಲಿ ಇಳಿದಾಗ ಒಂದು ಸಲ ಡ್ಯೂಟಿ, ಐರ್ಲೆಂಡ್ ಒಳಗೆ ಹೋಗೋವಾಗ ಮತ್ತೊಂದು ಸಲ. ಮೊದಲು ಎಲ್ಲಾ ಒಂದೇ ಕಸ್ಟಮ್ಸ್ ಒಕ್ಕೂಟ, ಇಲ್ಲಿ ಕಟ್ಟಿದ್ರೆ 28 ದೇಶಕ್ಕೂ ಕಟ್ಟಿದಂಗೆ.

ಲೆಕ್ಕ ನೋಡಿ: 200 ಯೂರೋಗೆ 12% ಡ್ಯೂಟಿ ಅಂದ್ರೆ 24. ಆಮೇಲೆ ಆ 224ರ ಮೇಲೆ ಐರ್ಲೆಂಡಿನ ವ್ಯಾಟ್ 23%, ಅದು 51.52. ಒಟ್ಟು 75.52, ಮೇಲೆ ಕೊರಿಯರ್‌ನವರ ಚಾರ್ಜು. ಡ್ಯೂಟಿ ಮೇಲೂ ವ್ಯಾಟ್ ಬೀಳತ್ತೆ ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಮುಖ್ಯ. ನೀವು ವ್ಯಾಟ್ ರಿಜಿಸ್ಟರ್ ಆಗಿದೀರಾ? ವರ್ಷಕ್ಕೆ 90,000 ಪೌಂಡ್ ವಹಿವಾಟು ದಾಟದಿದ್ರೆ ಕಡ್ಡಾಯ ಅಲ್ಲ, ಆದ್ರೆ ಆಗದಿದ್ರೆ ಹುಬ್ಬಳ್ಳಿ ಮಾಲಿಗೆ ಇಲ್ಲಿ ಕಟ್ಟಿದ 20% ವ್ಯಾಟ್ ವಾಪಸ್ ಸಿಗಲ್ಲ, ಅದು ನಿಮ್ಮ ಕೈಯಿಂದಾನೇ ಹೋಗತ್ತೆ. ವಾಪಸ್ ಬಂದ ಪಾರ್ಸೆಲ್‌ಗೆ ಕಟ್ಟಿದ್ದನ್ನಂತೂ ಬಿಡ್ಬೇಡಿ. ನೀವೇ ಕಳಿಸಿದ ಮಾಲು ಮೂರು ವರ್ಷದೊಳಗೆ ಹಂಗೇ ತಿರುಗಿ ಬಂದ್ರೆ ರಿಯಾಯಿತಿ ಇದೆ, ಕಳಿಸಿದ ರಸೀದಿ ಇಟ್ಕೊಂಡು ಕ್ಲೈಮ್ ಮಾಡಿ.

ಬಾಗಲಕೋಟಿಂವ:
ಅಕ್ಕಾರ, ನಾ ಡಬ್ಲಿನ್‌ದಾಗ ಇರ್ತೀನ್ರಿ. ನಾವು ಕನ್ನಡದ ಮಂದಿ ಯುಕೆಯಿಂದ ಏನೂ ತರಸೂದ ಬಿಟ್ಟೇವ್ರಿ, ಬಾಗಲಾಗ ನಿಂತು ಎಷ್ಟು ಕೇಳ್ತಾರ ಅನ್ನೂದ ಗೊತ್ತಾಗಂಗಿಲ್ಲ, ಅಂಜಿಕಿ ಬರ್ತದ. 2026 ಜೂನ್ ಮುಗಿಯೂತನಕ 150 ಯೂರೋದ ಒಳಗಿನ ಪಾರ್ಸೆಲ್‌ಗೆ ಡ್ಯೂಟಿ ಇಲ್ಲ, ಬರೀ ವ್ಯಾಟ್. ಆದ್ರ ಒಂದ ಆರ್ಡರ್ ಎರಡು ಡಬ್ಬಿ ಮಾಡಿ ಕಳಸಬ್ಯಾಡ್ರಿ, ಕೂಡಿಸಿ ಲೆಕ್ಕ ಹಿಡೀತಾರ. ನಾ ಹೇಳೂದು ಅಂದ್ರ ನಮ್ಮ ಆರ್ಡರ್ ಹುಬ್ಬಳ್ಳಿಯಿಂದ ಸೀದಾ ಡಬ್ಲಿನ್‌ಗ ಹಾಕ್ರಿ, ಒಂದ ಸಲ ಡ್ಯೂಟಿ. ಮತ್ತ ಎಷ್ಟು ಬೀಳ್ತದ ಅಂತ ಮೊದಲ ಬರದ ತಿಳಸ್ರಿ, ತಿಳಿಸಿದ್ರ ಕೊಡ್ತೇವ್ರಿ, ಖಣ ಅಂದ್ರ ನಮಗ ತವರಮನಿ ಇದ್ದಂಗ.

ತುಂಗಾತೀರ:
2016ರಲ್ಲಿ ನಾನು ಲೀವ್‌ಗೇ, ಅಂದ್ರೆ ಯುಕೆ ಯೂರೋಪ್ ಒಕ್ಕೂಟ ಬಿಡ್ಲಿ ಅಂತಾನೇ, ವೋಟ್ ಹಾಕಿದ್ದು. ಆಗಿನ್ನೂ ಇಂಡಿಯನ್ ಪಾಸ್‌ಪೋರ್ಟು, ಕಾಮನ್‌ವೆಲ್ತ್‌ನೋರಿಗೂ ವೋಟ್ ಇತ್ತಲ್ಲ. ಯೂರೋಪಿನೋರಿಗೆ ವೀಸಾನೇ ಬೇಡ, ನಮ್ಮ ಹುಡುಗರು ಮಾತ್ರ ಸಂಬಳದ ಮಿತಿ, ಫೀಸು ಅಂತ ಒದ್ದಾಡ್ಬೇಕು ಅನ್ನೋ ಬೇಸರ ನಿಜವಾಗಿಯೂ ಇತ್ತು. ಒಳ್ಳೇದು ಏನೂ ಆಗ್ಲಿಲ್ಲ ಅಂತ ಹೇಳಲ್ಲ. ಹೆಣ್ಮಕ್ಕಳ ಸ್ಯಾನಿಟರಿ ಪ್ಯಾಡ್ ಮೇಲೆ ಯೂರೋಪ್ ನಿಯಮದಿಂದ 5% ವ್ಯಾಟ್ ಇತ್ತು, 2021 ಜನವರಿ 1ಕ್ಕೇ ಅದನ್ನ ತೆಗೆದ್ರು. ಇಂಡಿಯಾ ಜೊತೆ ತಾವೇ ಕೂತು 2025 ಜುಲೈ 24ಕ್ಕೆ ಒಪ್ಪಂದಕ್ಕೆ ಸಹಿ ಹಾಕಿದ್ರು, ಒಳಗಿದ್ದಿದ್ರೆ ಅದು ಆಗ್ತಿರ್ಲಿಲ್ಲ. ಅದು ಜಾರಿಯಾದ್ಮೇಲೆ ನಿಮ್ಮ ಕುರ್ತಾಗೆ ಇಲ್ಲಿನ ಡ್ಯೂಟಿ ಹೋಗತ್ತೆ. ಆದ್ರೆ ಸರ್ಕಾರದ ಬಜೆಟ್ ಲೆಕ್ಕ ನೋಡೋ ಓಬಿಆರ್ ಸಂಸ್ಥೆನೇ ಒಕ್ಕೂಟ ಬಿಟ್ಟಿದ್ದರಿಂದ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ 4% ಕಮ್ಮಿ ಅಂತ ಅಂದಾಜು ಕೊಟ್ಟಿದೆ. ದೊಡ್ಡ ಕಂಪನಿಗಳು ಒಕ್ಕೂಟದೊಳಗಿರೋ ನೆದರ್‌ಲೆಂಡ್ಸ್‌ನಲ್ಲಿ ಗೋಡೌನ್ ಮಾಡ್ಕೊಂಡು ಬಚಾವ್ ಆದ್ವು, ನಿಮ್ಮಂಥೋರು ಏನ್ ಮಾಡ್ಬೇಕು? ವೋಟ್ ಹಾಕೋವಾಗ ಈ ಕಸ್ಟಮ್ಸ್ ಗಡಿ ವಿಚಾರ ನನಗೆ ಯಾರೂ ಬಿಡಿಸಿ ಹೇಳಿರ್ಲಿಲ್ಲ, ನಾನೂ ಕೇಳ್ಲಿಲ್ಲ. ಅದು ಇವತ್ತಿಗೂ ಮನಸಲ್ಲಿ ಚುಚ್ಚತ್ತೆ.

ಖಣದಂಗಡಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವ್ಯಾಟ್ ರಿಜಿಸ್ಟರ್ ಆಗಿಲ್ಲ ಸರ್, ಎರಡು ವರ್ಷದ ರಸೀದಿ ಎಲ್ಲಾ ತೆಗೆದು ಕೂಡಿಸ್ತಾ ಕೂತಿದೀನಿ, 20% ಅಂತ ಹೋಗಿದ್ದೇ ಇಷ್ಟಿದೆ ಅಂತ ಇವತ್ತೇ ಗೊತ್ತಾಗಿದ್ದು. ರಿಜಿಸ್ಟರ್ ಆದ್ರೆ ಇಲ್ಲಿನ ಗಿರಾಕಿಗಳಿಗೂ 20% ಸೇರಿಸ್ಬೇಕಲ್ವಾ, ಅವ್ರು ಉಳೀತಾರಾ? ಇಲ್ಲಿ ಎಷ್ಟು, ಯೂರೋಪಿಗೆ ಎಷ್ಟು ಹೋಗತ್ತೆ ಅಂತ ಬೇರೆ ಬೇರೆ ಬರೆದು ನಾಳೆ ಹಾಕ್ತೀನಿ, ನೋಡಿ ಹೇಳಿ. ಬಾಗಲಕೋಟಿ ಅಣ್ಣಾವ್ರೇ, ಹುಬ್ಬಳ್ಳಿ ಟೈಲರ್ ಹತ್ರ ಈಗಷ್ಟೇ ಮಾತಾಡಿದೆ, ಅಲ್ಲಿಂದಾನೇ ಪ್ಯಾಕ್ ಮಾಡಿ ಕಳಿಸ್ತಾರಂತೆ.